ಅರ್ಧ ದಾರಿ ಕೊಡೋ ಊರಿನ ಫ್ರೆಂಚ್

ಅಪ್ಪನ ಹಳೇ ಟ್ರಂಕಲ್ಲಿ ಒಂದು ಕಟ್ಟು ಏರ್‌ಮೇಲ್ ಕವರ್‌ಗಳಿವೆ, ದೊಡ್ಡಪ್ಪ ಮಸ್ಕತ್‌ನಲ್ಲಿದ್ದಾಗ ಬರೆದ ಕಾಗದಗಳು. ಅಂಚಲ್ಲಿ ಕೆಂಪು ನೀಲಿ ಪಟ್ಟೆ, ಮೂಲೇಲಿ ಒಂದು ನೀಲಿ ಚೀಟಿ, ಅದರ ಮೇಲೆ 'ಪಾರ್ ಆವಿಯೋಂ', ಅಂದ್ರೆ ವಿಮಾನದ ಮೂಲಕ, ಅಂತ ಅಚ್ಚಾಗಿರುತ್ತೆ. ನಾವು ಶಿವಮೊಗ್ಗದಿಂದ ಕಳಿಸೋ ಕವರ್ ಮೇಲೂ ಹಿಂದಿ, ಇಂಗ್ಲಿಷ್ ಜೊತೆ ಅದೇ ಪದ ಇರ್ತಿತ್ತು. ಒಳಗೆ ಪೂರ್ತಿ ಕನ್ನಡ, ಹಪ್ಪಳ ಒಣಗಿಸಿದ್ದು, ಅಜ್ಜಿಗೆ ಮಂಡಿ ನೋವು, ಅಡಿಕೆ ರೇಟು, ಹೊರಗಡೆ ಮಾತ್ರ ಒಂದು ಫ್ರೆಂಚ್ ಪದ. ಯಾಕೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ. 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಅಂತಾರಾಷ್ಟ್ರೀಯ ಅಂಚೆ ಒಕ್ಕೂಟ ಶುರುವಾದಾಗ ಅದರ ಅಧಿಕೃತ ಭಾಷೆ ಫ್ರೆಂಚ್ ಆಯ್ತು, ಇವತ್ತಿಗೂ ಅದೇ ಇದೆ. ಅಂದ್ರೆ ಫ್ರಾನ್ಸಿಗೂ ನಮಗೂ ಏನೂ ಸಂಬಂಧ ಇಲ್ದಿದ್ರೂ ನಮ್ಮನೆ ಕಾಗದ ವಿಮಾನ ಹತ್ತಬೇಕಾದ್ರೆ ಫ್ರೆಂಚ್ ಮುದ್ರೆ ಹೊತ್ಕೊಂಡೇ ಹೋಗ್ಬೇಕಿತ್ತು.

ಒಂದು ಕಾಲದಲ್ಲಿ ಆ ಭಾಷೆಗೆ ಅಷ್ಟು ಗತ್ತಿತ್ತು. 1714ರ ರಾಸ್ಟಾಟ್ ಒಪ್ಪಂದದಿಂದ ಹಿಡಿದು ಹೆಚ್ಚುಕಮ್ಮಿ ಇನ್ನೂರು ವರ್ಷ ಯುರೋಪಿನ ರಾಜರು ಯುದ್ಧ ಮಾಡಿ ರಾಜಿ ಆದ್ರೆ ಆ ರಾಜಿ ಬರೀತಿದ್ದಿದ್ದು ಸಾಮಾನ್ಯವಾಗಿ ಫ್ರೆಂಚ್‌ನಲ್ಲೇ, 1919ರಲ್ಲಿ ವರ್ಸೇಲ್ಸ್ ಒಪ್ಪಂದಕ್ಕೆ ಇಂಗ್ಲಿಷ್ ಕೂಡ ಸಮಸಮ ಬಂದು ಕೂತಾಗ್ಲೇ ಗಾಳಿ ಬದಲಾಗಿದ್ದು ಎಲ್ಲರಿಗೂ ಗೊತ್ತಾಯ್ತು. ಇವತ್ತು ಫ್ರೆಂಚ್ ಮುಗೀತು ಅನ್ನೋರೂ ಇದಾರೆ, 2050ಕ್ಕೆ ಜಗತ್ತಿನ ನಂಬರ್ ಒನ್ ಆಗುತ್ತೆ ಅನ್ನೋರೂ ಇದಾರೆ. ನಾನು ಆ ಭಾಷೇನ ಬೆಂಗಳೂರಲ್ಲಿ ಮಾರ್ಕ್ಸ್‌ಗೋಸ್ಕರ ಓದಿ, ಆಮೇಲೆ ಹದಿನಾಲ್ಕು ತಿಂಗಳು ಆಫ್ರಿಕಾದ ಆಬಿಜಾನ್‌ನಲ್ಲಿ, ಎರಡು ತಿಂಗಳು ಡಕಾರ್‌ನಲ್ಲಿ ಅದರಲ್ಲೇ ಬದುಕಿದವಳು, ಹಾಗಾಗಿ ಈ ವಿಷಯ ಬಂದಾಗ ನನಗೆ ಸುಮ್ಮನಿರೋಕಾಗಲ್ಲ.

ಮೊದಲು ಬೆಂಗಳೂರು. ಪಿಯುಸಿಗೆ ಸೇರೋವಾಗ ಕಾಲೇಜ್ ಆಫೀಸಲ್ಲಿ ಅಪ್ಪನ ಹತ್ರ ಹೇಳಿದ್ರು, ಕನ್ನಡ ಬೇಡ ಸರ್, ಫ್ರೆಂಚ್ ತಗೊಳ್ಳಿ, ಸ್ಕೋರಿಂಗು, 90ರ ಮೇಲೆ ಬಂದೇ ಬರುತ್ತೆ ಅಂತ. ಹತ್ತನೇ ಕ್ಲಾಸ್ ತನಕ ಕನ್ನಡ ಓದಿ, ಹಳಗನ್ನಡ ಪದ್ಯ ಬಾಯಿಪಾಠ ಹೇಳ್ತಿದ್ದ ಹುಡುಗಿ ನಾನು, ಆದ್ರೆ ಸಿಇಟಿ ತಯಾರಿಗೆ ಟೈಮ್ ಸಿಗುತ್ತೆ ಅಂತ ಎಲ್ಲರೂ ಹೇಳಿದ್ರಿಂದ ತಗೊಂಡೆ, 93 ಬಂತು. ಎರಡು ವರ್ಷದಲ್ಲಿ ಒಂದು ದಿನಾನೂ ಕ್ಲಾಸಲ್ಲಿ ಯಾರೂ ಫ್ರೆಂಚ್‌ನಲ್ಲಿ ಮಾತಾಡಿಸಲಿಲ್ಲ. ಕ್ರಿಯಾಪದದ ಕೋಷ್ಟಕ, ಅನುವಾದ, ಪತ್ರಲೇಖನ, ಅಷ್ಟೇ. ಕನ್ನಡ ಬಿಟ್ಟಿದ್ದಕ್ಕೆ ಇವತ್ತಿಗೂ ಬೇಜಾರಿದೆ, ಫ್ರೆಂಚನ್ನ ಆ ಥರ ಕಲಿಸಿದ್ದಕ್ಕೂ ಬೇಜಾರಿದೆ, ಎರಡು ಭಾಷೆಗೂ ಅನ್ಯಾಯ ಅದು.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಮೈಸೂರು ರೋಡಲ್ಲಿ ಹೋಗ್ತಾ ಸಿಗೋ ಪಾಂಡವಪುರಕ್ಕೆ ಬ್ರಿಟಿಷರ ಕಾಲದಲ್ಲಿ ಫ್ರೆಂಚ್ ರಾಕ್ಸ್ ಅಂತ ಹೆಸರಿತ್ತು, ಹೈದರ್ ಮತ್ತು ಟಿಪ್ಪು ಜೊತೆಗಿದ್ದ ಫ್ರೆಂಚ್ ಸೈನಿಕರು ಬೀಡು ಬಿಟ್ಟಿದ್ದ ಜಾಗ ಅದು. ಟಿಪ್ಪು ಕಳಿಸಿದ ರಾಯಭಾರಿಗಳು 1788ರಲ್ಲಿ ಹದಿನಾರನೇ ಲೂಯಿ ದರ್ಬಾರಿಗೂ ಹೋಗಿದ್ರು. ಅಷ್ಟೆಲ್ಲ ಒಡನಾಟ ಇದ್ರೂ ಇವತ್ತು ಪಾಂಡವಪುರದ ಸಂತೇಲಿ ಫ್ರೆಂಚ್ ಕೇಳಲ್ಲ. ಸೈನ್ಯ ಬಂತು, ಹೋಯ್ತು, ಭಾಷೆ ಊರಲಿಲ್ಲ. ಯಾವಾಗ ಊರುತ್ತೆ, ಯಾವಾಗ ಊರಲ್ಲ ಅನ್ನೋದೇ ನನ್ನ ತಲೇಲಿ ಕೊರೀತಿರೋ ಪ್ರಶ್ನೆ.

ಆಬಿಜಾನ್‌ಗೆ ಹೋಗಿದ್ದು ಮೊಬೈಲಲ್ಲಿ ದುಡ್ಡು ಕಳಿಸೋ ಸಾಫ್ಟ್‌ವೇರ್ ಪ್ರಾಜೆಕ್ಟಿಗೆ. ಐವರಿ ಕೋಸ್ಟಿನ ದೊಡ್ಡ ಊರು ಅದು, ಜನಸಂಖ್ಯೆ 60 ಲಕ್ಷ ದಾಟಿದೆ, ಊರಿನ ಮಧ್ಯೆ ಎಬ್ರಿಯೆ ಅನ್ನೋ ಹಿನ್ನೀರು, ಅದರ ಮೇಲೆ ಸೇತುವೆಗಳು, ಕಿತ್ತಳೆ ಬಣ್ಣದ ಟ್ಯಾಕ್ಸಿಗಳು, ಗ್ಬಾಕಾ ಅನ್ನೋ ಮಿನಿಬಸ್‌ಗಳ ಬಾಗಿಲಲ್ಲಿ ನೇತಾಡ್ತಾ 'ಅಜಾಮೆ ಅಜಾಮೆ ಅಜಾಮೆ' ಅಂತ ಕೂಗೋ ಹುಡುಗರು, ಥೇಟ್ ನಮ್ಮ ಮೆಜೆಸ್ಟಿಕ್. ನನ್ನ ಮನೆ ಇದ್ದಿದ್ದು ಕೊಕೊಡಿ ಕಡೆ, ಗೇಟ್ ಹತ್ರ ಒಬ್ಬ ವಾಚ್‌ಮನ್ ಇರ್ತಿದ್ದ, ಬುರ್ಕಿನಾ ಫಾಸೋದಿಂದ ಬಂದವನು. ಅವನ ಊರಿನವರು ಬಂದ್ರೆ ಮೋರೆ ಭಾಷೆ, ತರಕಾರಿಯವಳ ಹತ್ರ ಜೂಲಾ, ನನ್ನ ಹತ್ರ ಫ್ರೆಂಚ್. ಒಂದಿನ ಕೊರಿಯರ್ ಬಂದಾಗ ಕವರ್ ಮೇಲಿನ ಹೆಸರು ಓದು ಅಂದೆ, ಓದೋಕೆ ಬರಲ್ಲ ಮದಾಂ ಅಂದ. ಒಂದು ದಿನಾನೂ ಸ್ಕೂಲ್ ಮೆಟ್ಟಿಲು ಹತ್ತಿಲ್ಲವಂತೆ. ಫ್ರೆಂಚ್ ಎಲ್ಲಿ ಕಲಿತೆ ಅಂದ್ರೆ ರೋಡಲ್ಲಿ ಅಂದ.

ಅವತ್ತು ರಾತ್ರಿ ನಂಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಾನು ಕಾಲೇಜಲ್ಲಿ ಕಲಿತು 93 ತಗೊಂಡು ಮಾತಾಡೋಕೆ ತಡವರಿಸ್ತಿದ್ದ ಭಾಷೇನ ಅಕ್ಷರ ಗೊತ್ತಿಲ್ಲದ ಒಬ್ಬ ಮನುಷ್ಯ ನೀರು ಕುಡಿದಷ್ಟು ಸಲೀಸಾಗಿ ಆಡ್ತಿದ್ದ, ಬೈತಿದ್ದ, ಕಥೆ ಹೇಳ್ತಿದ್ದ, ಚೌಕಾಸಿ ಮಾಡ್ತಿದ್ದ. ಅವನ ಫ್ರೆಂಚ್‌ನಲ್ಲಿ ನಾನು ಕಲಿತ ಅರ್ಧ ವ್ಯಾಕರಣ ಇರಲಿಲ್ಲ, ಇಂಗ್ಲಿಷಿನ 'ದಿ' ಥರ ಲ, ಲೆ ಅಂತ ಪದದ ಮುಂದೆ ಹಚ್ಚೋದು ಎಷ್ಟೋ ಸಲ ಬಿಟ್ಟೇಬಿಡ್ತಿದ್ದ, ಅದರ ಬದಲು ಪದದ ಕೊನೇಲಿ ಒಂದು 'ಲಾ' ಸೇರಿಸ್ತಿದ್ದ, ಒತ್ತಿ ಹೇಳ್ಬೇಕಾದ್ರೆ ವಾಕ್ಯದ ತುದಿಗೆ 'ದೇ' ಅಂತ ಎಳೀತಿದ್ದ. ಊಟ ಚೆನ್ನಾಗಿದ್ರೆ 'ಸೇ ದೂ ದೇ!' ಅಂತಿದ್ದ, ಅಂದ್ರೆ ಸಿಹಿಯಾಗಿದೆ ಕಣ್ರೀ ಅನ್ನೋ ಧಾಟಿ, ಖಾರದ ಮೀನಾದ್ರೂ ಅದೇ ಮಾತು. ನಾವು ಬೆಂಗಳೂರಲ್ಲಿ ಇಂಗ್ಲಿಷಿಗೆ 'ಕಮ್ ನೋ', 'ವಾಟ್ ಮಾರಾಯಾ' ಅಂತ ನಮ್ಮ ಬಾಲ ಕಟ್ತೀವಲ್ಲ, ಹಾಗೇನೇ.

ಆಬಿಜಾನ್‌ನಲ್ಲಿ ಯಾಕೆ ಹೀಗೆ ಅಂತ ಆಮೇಲೆ ಅರ್ಥ ಆಯ್ತು. ಐವರಿ ಕೋಸ್ಟಲ್ಲಿ ಅರವತ್ತರ ಮೇಲೆ ಭಾಷೆಗಳಿವೆ, ಬಾವುಲೆ, ಬೆತೆ, ಸೆನುಫೊ, ಜೂಲಾ ಅಂತ. ಇಡೀ ದೇಶಕ್ಕೆ ದೊಡ್ಡಣ್ಣನ ಥರ ಇರೋ ಒಂದು ಭಾಷೆ ಇಲ್ಲ, ಜೂಲಾ ವ್ಯಾಪಾರಕ್ಕೆ ನಡೆಯುತ್ತೆ ಆದ್ರೆ ಅದನ್ನ ಎಲ್ಲರೂ ತಮ್ಮದು ಅನ್ನಲ್ಲ. ಹಳ್ಳಿಯಿಂದ, ಪಕ್ಕದ ದೇಶದಿಂದ ಕೋಕೋ ತೋಟಕ್ಕೆ, ಬಂದರಿಗೆ, ಕಟ್ಟಡ ಕೆಲಸಕ್ಕೆ ಬಂದ ಜನ ಒಂದೇ ವಠಾರದಲ್ಲಿ ಸೇರಿದಾಗ ಮಧ್ಯದಲ್ಲಿ ಫ್ರೆಂಚ್ ಸಿಕ್ತು. ಗಂಡ ಬಾವುಲೆ, ಹೆಂಡತಿ ಬೆತೆ ಆದ್ರೆ ಮಕ್ಕಳು ಮನೇಲೇ ಫ್ರೆಂಚ್. ಅದು ಅವರ ತಾಯ್ನುಡಿ ಆಗೋಯ್ತು. 1970, 80ರ ದಶಕದಲ್ಲಿ ಹುಡುಗರು ಅದಕ್ಕೆ ಜೂಲಾ, ಬಾವುಲೆ, ಇಂಗ್ಲಿಷ್ ಎಲ್ಲಾ ಬೆರೆಸಿ 'ನೂಶಿ' ಅನ್ನೋ ಬೀದಿ ಮಾತನ್ನೇ ಕಟ್ಟಿದ್ರು. ಹುಡುಗಿ ಅಂದ್ರೆ 'ಗೊ'. ಮಜಾ ಮಾಡೋದಕ್ಕೆ 'ಆಂಜಾಯೆ', ಇಂಗ್ಲಿಷಿನ ಎಂಜಾಯ್‌ಗೆ ಫ್ರೆಂಚ್ ಪ್ರತ್ಯಯ ಹಾಕಿದ್ದು. ಈಗ ಆ ಪದ ಪ್ಯಾರಿಸ್ಸಿನ ಕಾಲೇಜ್ ಹುಡುಗರ ಬಾಯಲ್ಲೂ ಇದೆ, ಫ್ರಾನ್ಸಿನ ನಿಘಂಟಿಗೂ ಸೇರಿದೆ. ಪ್ಯಾರಿಸ್ಸಿಂದ ಆಫ್ರಿಕಾಕ್ಕೆ ಹಡಗಲ್ಲಿ ಹೋದ ಭಾಷೆ ಈಗ ವಾಪಸ್ ಬರ್ತಿದೆ, ಬರ್ತಾ ತನ್ನ ಬುತ್ತೀನೂ ಕಟ್ಕೊಂಡು ಬರ್ತಿದೆ.

ಎಲ್ಲಕ್ಕಿಂತ ನನಗೆ ಹತ್ತಿರ ಆದ ಪದ 'ಯಾಕೊ'. ಇದು ಫ್ರೆಂಚೇ ಅಲ್ಲ, ಬಾವುಲೆ ಕಡೆಯ ಪದ, ಆದ್ರೆ ಆಬಿಜಾನ್‌ನ ಫ್ರೆಂಚ್ ಇದಿಲ್ದೆ ನಡೆಯಲ್ಲ. ನೀವು ಎಡವಿದ್ರೆ ಯಾಕೊ, ಜ್ವರ ಬಂದ್ರೆ ಯಾಕೊ, ಮನೇಲಿ ಸಾವಾದ್ರೆ ಯಾಕೊ. ನನ್ನಜ್ಜಿ ತೀರಿಕೊಂಡ ಸುದ್ದಿ ಫೋನಲ್ಲಿ ಬಂದ ದಿನ ನಾನು ಆಫೀಸ್ ಮೆಟ್ಟಿಲ ಮೇಲೆ ಕೂತಿದ್ದೆ, ಕಸ ಗುಡಿಸೋ ಅಮ್ಮ ಪೊರಕೆ ಪಕ್ಕಕ್ಕಿಟ್ಟು ನನ್ನ ಭುಜದ ಮೇಲೆ ಕೈಯಿಟ್ಟು 'ಯಾಕೊ' ಅಂದ್ರು, ಇನ್ನೊಂದು ಮಾತಿಲ್ಲ. ಪ್ಯಾರಿಸ್ಸಿನ ಫ್ರೆಂಚ್‌ನಲ್ಲಿ ಸಂತಾಪ ಹೇಳೋಕೆ ಉದ್ದುದ್ದ ವಾಕ್ಯಗಳಿವೆ, ನಾನು ಪತ್ರಲೇಖನದಲ್ಲಿ ಬರೆದು ಮಾರ್ಕ್ಸೂ ತಗೊಂಡಿದ್ದೆ. ಅವು ಯಾವುವೂ ಆ ಒಂದು ಪದದಷ್ಟು ತಾಗಲ್ಲ.

ಆಮೇಲೆ ಡಕಾರ್‌ಗೆ ಹೋದೆ, ಸೆನೆಗಲ್‌ನ ರಾಜಧಾನಿ. ಫ್ರೆಂಚ್ ವಸಾಹತಿನ ಇತಿಹಾಸದಲ್ಲಿ ಆಬಿಜಾನ್‌ಗಿಂತ ಹಳೇ ಊರು, ಅಂಗಡಿ ಬೋರ್ಡು, ಸರ್ಕಾರಿ ಕಚೇರಿ, ಪೇಪರ್ ಎಲ್ಲಾ ಫ್ರೆಂಚ್. ಇಲ್ಲಿ ಇನ್ನೂ ಸಲೀಸು ಅಂದ್ಕೊಂಡು ಮಾರ್ಕೆಟ್ಟಿಗೆ ಹೋದ್ರೆ ನನ್ನ ಫ್ರೆಂಚ್ ನಡೀಲೇ ಇಲ್ಲ. ಮೀನಿನವಳು, ಬಟ್ಟೆಯವನು, ಬಸ್ ಕಂಡಕ್ಟರ್, ಎಲ್ಲರೂ ವೋಲೊಫ್. ನಾನು ಫ್ರೆಂಚ್‌ನಲ್ಲಿ ಕೇಳಿದ್ರೆ ಮುಖ ನೋಡಿ ನಗ್ತಾರೆ, ಪಕ್ಕದ ಹುಡುಗನ್ನ ಕರೀತಾರೆ. ಲೆಕ್ಕಾನೂ ಬೇರೆ. ವೋಲೊಫ್‌ನಲ್ಲಿ ದುಡ್ಡು ಎಣಿಸೋದು 'ದೆರೆಮ್' ಅನ್ನೋ ಐದೈದು ಫ್ರಾಂಕಿನ ಲೆಕ್ಕದಲ್ಲಿ, ಅಂದ್ರೆ 100 ಫ್ರಾಂಕಿಗೆ ಇಪ್ಪತ್ತು ಅಂತಾರೆ, 500 ಫ್ರಾಂಕಿಗೆ ನೂರು ಅಂತಾರೆ. ನೋಟಿನ ಮೇಲೆ ಫ್ರೆಂಚ್‌ನಲ್ಲಿ 500 ಅಂತಿದೆ, ಬಾಯಲ್ಲಿ 'ತೇಮೇರ್', ನೂರು. ನಮ್ಮಮ್ಮ ಈಗಲೂ ಐವತ್ತು ಪೈಸೆಗೆ ಎಂಟಾಣೆ ಅಂತಾರಲ್ಲ, ಸರ್ಕಾರ ಬದಲಾಯಿಸಿದ ಲೆಕ್ಕವನ್ನ ಬಾಯಿ ಒಪ್ಪಿಕೊಂಡಿರಲ್ಲ. ಸೆನೆಗಲ್‌ನ ಬಹುಪಾಲು ಜನಕ್ಕೆ ವೋಲೊಫ್ ಬರುತ್ತೆ, ಮನೆ ಭಾಷೆ ಬೇರೆ ಇದ್ರೂ. ಅಲ್ಲಿ ಮಧ್ಯದ ಜಾಗ ಖಾಲಿ ಇರಲಿಲ್ಲ, ಹಾಗಾಗಿ ಫ್ರೆಂಚ್ ಮೇಲ್ಗಡೆ ಅಟ್ಟದಲ್ಲೇ ಉಳೀತು, ಅಡುಗೆ ಮನೆಗೆ ಇಳೀಲಿಲ್ಲ. ಈ ದೇಶದ ಮೊದಲ ಅಧ್ಯಕ್ಷ ಸೆಂಗೋರ್ ದೊಡ್ಡ ಫ್ರೆಂಚ್ ಕವಿ, 1983ರಲ್ಲಿ ಆ ಭಾಷೆಯ ಕಾವಲಿಗಿರೋ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದ ಮೊದಲ ಆಫ್ರಿಕನ್. ಅವರಂಥವರು ಇದ್ದೂ ಹೀಗೆ.

ಈಗ ಆ 2050ರ ಲೆಕ್ಕಕ್ಕೆ ಬರ್ತೀನಿ. ಫ್ರೆಂಚ್ ಮಾತಾಡೋ ದೇಶಗಳ ಒಕ್ಕೂಟ ಒಂದಿದೆ, ಫ್ರಾಂಕೊಫೊನಿ ಅಂತ. ಅದರ 2022ರ ವರದಿ ಪ್ರಕಾರ ಜಗತ್ತಲ್ಲಿ 32 ಕೋಟಿ ಜನಕ್ಕೆ ಫ್ರೆಂಚ್ ಬರುತ್ತೆ, ಐದನೇ ಸ್ಥಾನ. ಫ್ರಾನ್ಸಿನ ಜನಸಂಖ್ಯೆ 7 ಕೋಟಿಗೂ ಕಮ್ಮಿ ಅಂತ ನೆನಪಿಟ್ಕೊಳ್ಳಿ. ದಿನಾ ಫ್ರೆಂಚ್ ಆಡೋರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆಫ್ರಿಕಾದಲ್ಲಿದ್ದಾರೆ. ಫ್ರೆಂಚ್ ಅಧಿಕೃತ ಭಾಷೆ ಆಗಿರೋ ಅತಿ ದೊಡ್ಡ ಊರು ಪ್ಯಾರಿಸ್ ಅಲ್ಲ, ಕಾಂಗೋದ ಕಿನ್ಶಾಸಾ, ಒಂದೂವರೆ ಕೋಟಿಗೂ ಮೀರಿದ ಜನ. 2050ಕ್ಕೆ 70 ಕೋಟಿ ದಾಟುತ್ತೆ ಅನ್ನೋ ಅಂದಾಜು ಎಲ್ಲ ಕಡೆ ಓಡಾಡ್ತಿದೆ. 2014ರಲ್ಲಿ ಒಂದು ಫ್ರೆಂಚ್ ಬ್ಯಾಂಕಿನ ವರದಿ 75 ಕೋಟಿ ಅಂತ ಹೇಳಿ, ಇಂಗ್ಲಿಷು, ಚೀನೀ ಭಾಷೇನೂ ಹಿಂದೆ ಹಾಕಬಹುದು ಅಂದಾಗ ದೊಡ್ಡ ಸುದ್ದಿ ಆಗಿತ್ತು.

ಆದ್ರೆ ಆ ವರದಿ ಲೆಕ್ಕ ಹಾಕಿದ್ದು ಫ್ರೆಂಚ್ ಅಧಿಕೃತವಾಗಿರೋ ದೇಶಗಳ ಎಲ್ಲಾ ಜನರನ್ನೂ ಸೇರಿಸಿ. ಡಕಾರ್‌ನ ಮೀನಿನವಳನ್ನೂ ಸೇರಿಸಿ ಅಂದಂಗಾಯ್ತು. ಅಂದಾಜುಗಳೆಲ್ಲ ನಿಂತಿರೋದು ಎರಡು ಕಾಲ ಮೇಲೆ, ಆಫ್ರಿಕಾದಲ್ಲಿ ಮಕ್ಕಳು ಹುಟ್ತಾರೆ, ಆ ಮಕ್ಕಳು ಸ್ಕೂಲಿಗೆ ಹೋಗಿ ಫ್ರೆಂಚ್ ಕಲೀತಾರೆ. ಮೊದಲನೇದು ನಿಜ. ಎರಡನೇದು ಅಷ್ಟು ಸುಲಭ ಇಲ್ಲ. ಸಹಾರಾ ಅಂಚಿನ ದೇಶಗಳಲ್ಲಿ ಎಷ್ಟೋ ಕಡೆ ಒಂದೇ ಕೋಣೇಲಿ 80, 90 ಮಕ್ಕಳು, ಮನೇಲಿ ಒಂದು ಪದಾನೂ ಕೇಳದ ಭಾಷೇಲಿ ಮೊದಲ ದಿನವೇ ಗಣಿತ, ವಿಜ್ಞಾನ ಶುರು, ಎರಡು ಮೂರು ವರ್ಷ ಕೂತು ಏನೂ ಅರ್ಥ ಆಗದೆ ಬಿಟ್ಟುಹೋಗೋರು ತುಂಬಾ ಜನ. ಇದು ಫ್ರಾಂಕೊಫೊನಿಗೂ ಗೊತ್ತು, ಅದಕ್ಕೇ ಆ ಒಕ್ಕೂಟವೇ ಈಗ ಮೊದಲ ಕ್ಲಾಸುಗಳನ್ನ ಮಗುವಿನ ಭಾಷೇಲೂ ಕಲಿಸೋ ಯೋಜನೆಗೆ ದುಡ್ಡು ಹಾಕ್ತಿದೆ. ವೋಲೊಫ್‌ನಲ್ಲಿ ಓದು ಬರಹ ಕಲಿತ ಮಗು ಆಮೇಲೆ ಫ್ರೆಂಚನ್ನೂ ಚೆನ್ನಾಗಿ ಕಲಿಯುತ್ತೆ ಅಂತ. ಫ್ರೆಂಚ್ ಉಳೀಬೇಕಾದ್ರೆ ವೋಲೊಫ್ ಬೆಳೀಬೇಕು, ಈ ಮಾತನ್ನ ಐವತ್ತು ವರ್ಷದ ಹಿಂದೆ ಪ್ಯಾರಿಸ್‌ನಲ್ಲಿ ಹೇಳಿದ್ರೆ ಎಷ್ಟು ಜನ ಕೇಳ್ತಿದ್ರೋ.

ಯಾಕಂದ್ರೆ ಫ್ರಾನ್ಸ್ ತನ್ನ ಮನೆಯೊಳಗೇ ಅದಕ್ಕೆ ಉಲ್ಟಾ ಮಾಡಿದ ದೇಶ. 1539ರಲ್ಲಿ ಮೊದಲನೇ ಫ್ರಾನ್ಸ್ವಾ ವಿಲ್ಲೇರ್-ಕೊತ್ರೇ ಅನ್ನೋ ಊರಲ್ಲಿ ಆಜ್ಞೆ ಹೊರಡಿಸಿ ಕೋರ್ಟು ಕಚೇರಿ ಕಾಗದಪತ್ರ ಲ್ಯಾಟಿನ್ ಬಿಟ್ಟು ಫ್ರೆಂಚ್‌ನಲ್ಲಿರಬೇಕು ಅಂದ. ಜನರಿಗೆ ಅರ್ಥ ಆಗೋ ಭಾಷೆ ಅನ್ನೋದು ಅಲ್ಲಿನ ಒಳ್ಳೇ ಅಂಶ, ಆದ್ರೆ ಬಹಳಷ್ಟು ಜನರ ಭಾಷೆ ಫ್ರೆಂಚೇ ಆಗಿರಲಿಲ್ಲ. ಕ್ರಾಂತಿ ಆದ್ಮೇಲೆ 1794ರಲ್ಲಿ ಗ್ರೆಗ್ವಾರ್ ಅನ್ನೋ ಪಾದ್ರಿ ದೇಶದ ಭಾಷೆಗಳ ಬಗ್ಗೆ ವರದಿ ಕೊಟ್ಟಾಗ, ಕಡೇಪಕ್ಷ 60 ಲಕ್ಷ ಜನಕ್ಕೆ ಫ್ರೆಂಚ್ ಬರೋದೇ ಇಲ್ಲ, ಶುದ್ಧವಾಗಿ ಮಾತಾಡೋರು 30 ಲಕ್ಷ ಮೀರಲ್ಲ ಅಂತ ಬರೆದ, ಬೇರೆ ನುಡಿಗಳನ್ನ ಅಳಿಸಬೇಕು ಅಂತಾನೂ ಬರೆದ. ಆಮೇಲೆ ಸ್ಕೂಲುಗಳು ಆ ಕೆಲಸ ಮಾಡಿದ್ವು. ಫ್ರಾನ್ಸಿನದ್ದೇ ಬ್ರಿಟಾನಿ ಕಡೆ ಅಲ್ಲಿನ ಬ್ರೆಟನ್ ಭಾಷೆ ಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ಚಪ್ಪಲಿಯಂಥದ್ದೇನಾದ್ರೂ ನೇತುಹಾಕ್ತಿದ್ರು, 'ಸೆಂಬೊಲ್' ಅಂತ ಅದರ ಹೆಸರು. ಆ ಮಗು ಬ್ರೆಟನ್ ಮಾತಾಡೋ ಇನ್ನೊಂದು ಮಗೂನ ಹಿಡಿದುಕೊಟ್ರೆ ಅದರ ಕೊರಳಿಗೆ ದಾಟಿಸಬಹುದು. ಇದೇ ಪದ್ಧತಿ ಆಮೇಲೆ ಆಫ್ರಿಕಾದ ಸ್ಕೂಲುಗಳಿಗೂ ಹೋಯ್ತು.

ನಾನು ಇದನ್ನ ಓದಿದಾಗ ಪುಸ್ತಕ ಮುಚ್ಚಿಟ್ಟೆ. ನಾನು ಐದನೇ ಕ್ಲಾಸಲ್ಲಿ ಓದಿದ ಇಂಗ್ಲಿಷ್ ಮೀಡಿಯಂ ಸ್ಕೂಲಲ್ಲಿ ಕನ್ನಡ ಮಾತಾಡಿದ್ರೆ ಒಂದು ರೂಪಾಯಿ ಫೈನ್ ಇತ್ತು, ಹೆಸರು ಬರೆದುಕೊಡೋಕೆ ಕ್ಲಾಸ್ ಲೀಡರ್‌ಗೆ ಒಂದು ಪುಟ್ಟ ಡೈರಿ. ನನ್ನ ಪಕ್ಕ ಕೂರ್ತಿದ್ದ ಹುಡುಗಿ ಹಳ್ಳಿಯಿಂದ ಬರೋಳು, ಫೈನ್ ಕಟ್ಟೋಕೆ ದುಡ್ಡಿಲ್ದೆ ಆ ವರ್ಷ ಪೂರ್ತಿ ಸ್ಕೂಲಲ್ಲಿ ಬಾಯೇ ಬಿಡ್ತಿರಲಿಲ್ಲ. ಬ್ರಿಟಾನಿ, ಡಕಾರ್, ಶಿವಮೊಗ್ಗ, ಮೂರು ಕಡೆ ಮಗುವಿಗೆ ಕಲಿಸಿದ್ದು ಒಂದೇ ಪಾಠ, ನಿಮ್ಮಮ್ಮನ ಮಾತು ತಪ್ಪು ಅಂತ.

ಇದನ್ನೆಲ್ಲ ಅನುಭವಿಸಿದ ಜನ ಸಿಟ್ಟಾಗದೇ ಇರ್ತಾರಾ? ಮಾಲಿ ದೇಶ 2023ರ ಹೊಸ ಸಂವಿಧಾನದಲ್ಲಿ ಫ್ರೆಂಚನ್ನ ಅಧಿಕೃತ ಭಾಷೆ ಸ್ಥಾನದಿಂದ ಇಳಿಸಿ ಬರೀ ಕೆಲಸದ ಭಾಷೆ ಅಂತ ಇಟ್ಕೊಂಡು, ಬಂಬಾರ ಸೇರಿ 13 ದೇಶೀ ಭಾಷೆಗಳಿಗೆ ಆ ಸ್ಥಾನ ಕೊಡ್ತು. ಬುರ್ಕಿನಾ ಫಾಸೋನೂ ಅದೇ ದಾರಿ ಹಿಡೀತು. ನೈಜರ್ 2025ರಲ್ಲಿ ಹೌಸಾವನ್ನ ರಾಷ್ಟ್ರಭಾಷೆ ಮಾಡ್ತು. 1970ರ ಮಾರ್ಚ್ 20ರಂದು ಫ್ರಾಂಕೊಫೊನಿ ಒಕ್ಕೂಟದ ಮೂಲ ಸಂಸ್ಥೆ ಹುಟ್ಟಿದ್ದೇ ನೈಜರ್ ರಾಜಧಾನಿ ನಿಯಾಮೆಯಲ್ಲಿ, ಆ ನೆನಪಿಗೇ ಪ್ರತಿ ಮಾರ್ಚ್ 20 ಫ್ರೆಂಚ್ ಭಾಷೆಯ ಹಬ್ಬ. 2025ರ ಮಾರ್ಚ್‌ನಲ್ಲಿ, ಹಬ್ಬಕ್ಕೆ ಇನ್ನೇನು ಕೆಲವೇ ದಿನ ಇರುವಾಗ, ನೈಜರ್, ಮಾಲಿ, ಬುರ್ಕಿನಾ ಮೂರೂ ಒಕ್ಕೂಟ ಬಿಟ್ಟು ಹೊರಗೆ ಬಂದ್ವು. ಅಲ್ಜೀರಿಯಾ ಅಂತೂ ಒಕ್ಕೂಟಕ್ಕೆ ಸೇರಲೇ ಇಲ್ಲ, 2022ರಿಂದ ಪ್ರೈಮರಿ ಸ್ಕೂಲಲ್ಲೇ ಇಂಗ್ಲಿಷ್ ಶುರು ಮಾಡಿದೆ. ರುವಾಂಡ 2008ರಲ್ಲೇ ಸ್ಕೂಲುಗಳನ್ನ ಇಂಗ್ಲಿಷಿಗೆ ತಿರುಗಿಸ್ತು, ಆದ್ರೂ 2019ರಿಂದ ಫ್ರಾಂಕೊಫೊನಿಯ ಮುಖ್ಯಸ್ಥೆ ಆಗಿರೋದು ಅದೇ ರುವಾಂಡದ ಲೂಯಿಸ್ ಮುಶಿಕಿವಾಬೊ. ನೈಜರ್, ಮಾಲಿ, ಬುರ್ಕಿನಾ ಮೂರರಲ್ಲೂ ಈಗಿರೋದು ಮಿಲಿಟರಿ ಸರ್ಕಾರ, ಅವರು ಮಾಡೋದೆಲ್ಲ ಸರಿ ಅಂತ ನಾನು ಹೇಳಲ್ಲ, ಆದ್ರೆ ಮಾಲಿ ರಾಜಧಾನಿ ಬಮಾಕೊ ಬೀದೀಲಿ ಬಂಬಾರ ಮಾತಾಡೋ ಜನಕ್ಕೆ ಅವರ ಸಂವಿಧಾನದಲ್ಲಿ ಅವರ ಭಾಷೆ ಹೆಸರು ಬಂದಿದ್ದು ಸರಿ ಅಂತಲೇ ನನ್ನ ನಂಬಿಕೆ.

ಐವರಿ ಕೋಸ್ಟಲ್ಲಿ ಇದ್ದ ಫ್ರೆಂಚ್ ಮಿಲಿಟರಿ ನೆಲೆಯನ್ನೂ 2025ರ ಫೆಬ್ರವರಿಯಲ್ಲಿ ಆ ದೇಶಕ್ಕೆ ವಾಪಸ್ ಕೊಟ್ರು, ಜುಲೈನಲ್ಲಿ ಡಕಾರ್‌ನದ್ದು. ಸುದ್ದಿ ಬಂದಾಗ ಆಬಿಜಾನ್‌ನ ಹಳೇ ಸಹೋದ್ಯೋಗಿಗಳಿಗೆ ಮೆಸೇಜ್ ಮಾಡಿದೆ, ಅವರು ಖುಷಿಪಟ್ಟು ವಾಯ್ಸ್ ನೋಟ್ ಕಳಿಸಿದ್ರು, ಆ ಖುಷಿ ಪೂರ್ತಿ ಫ್ರೆಂಚ್‌ನಲ್ಲೇ ಇತ್ತು, ನೂಶಿ ಬೆರೆತ ಫ್ರೆಂಚ್. ನಂಗೆ ತಕ್ಷಣ ಪಾಂಡವಪುರ ನೆನಪಾಯ್ತು. ಅಲ್ಲಿ ಸೈನ್ಯ ಹೋದ್ಮೇಲೆ ಏನೂ ಉಳೀಲಿಲ್ಲ, ಇಲ್ಲಿ ಸೈನ್ಯ ಹೋದ್ರೂ ಭಾಷೆ ಅಲುಗಾಡಲಿಲ್ಲ, ಯಾಕಂದ್ರೆ ಅದು ಈಗ ಸೈನ್ಯದ್ದಲ್ಲ, ಪ್ಯಾರಿಸ್ಸಿನದ್ದೂ ಅಲ್ಲ, ಬೀದೀಲಿ ಗೋಲಿ ಆಡೋ ಹುಡುಗರದ್ದು.

ಇದನ್ನ ಪ್ಯಾರಿಸ್ ಒಪ್ಪಿಕೊಳ್ಳೋಕೆ ಟೈಮ್ ತಗೊಂಡಿದೆ. ಐವರಿ ಕೋಸ್ಟಿನ ಲೇಖಕ ಅಹ್ಮದು ಕುರೂಮಾ ತನ್ನ ಮೊದಲ ಕಾದಂಬರೀಲಿ ತನ್ನ ಮಲಿಂಕೆ ಭಾಷೆಯ ಲಯವನ್ನ ಫ್ರೆಂಚ್ ಒಳಗೆ ತಂದಾಗ ಪ್ಯಾರಿಸ್ಸಿನ ಪ್ರಕಾಶಕರು ಬೇಡ ಅಂದ್ರು, 1968ರಲ್ಲಿ ಅದು ಅಚ್ಚಾಗಿದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿ. ಹಾಸನದಲ್ಲಿ ಹುಟ್ಟಿದ ರಾಜಾರಾವ್ ಅದಕ್ಕೆ ಮೂವತ್ತು ವರ್ಷ ಮೊದಲೇ ಕನ್ನಡದ ಉಸಿರನ್ನ ಇಂಗ್ಲಿಷಿಗೆ ತುಂಬಿದ್ರಲ್ಲ, ಅದೂ ಫ್ರಾನ್ಸಿನಲ್ಲಿದ್ದ ವರ್ಷಗಳಲ್ಲಿ, ಅದೇ ಜಾತಿಯ ಕೆಲಸ. ಅಕಾಡೆಮಿಯ ನಿಘಂಟು ಅಂತೂ ಆಮೆ ನಡಿಗೆ, 1935ರ ಆವೃತ್ತಿ ಆದ್ಮೇಲೆ ಮುಂದಿನದು ಪೂರ್ತಿ ಆಗಿದ್ದು 2024ರಲ್ಲಿ. ಆದ್ರೆ ಇನ್ನೊಂದು ಒಳ್ಳೇ ಕೆಲಸ ಆಗಿದೆ, 2021ರಲ್ಲಿ ಎಲ್ಲಾ ದೇಶಗಳ ಫ್ರೆಂಚ್ ಪದ ಸೇರಿಸಿ ಆನ್‌ಲೈನ್ ನಿಘಂಟು ಬಂತು, ಯಾರು ಬೇಕಾದ್ರೂ ತಮ್ಮೂರಿನ ಪದ ಹಾಕಬಹುದು. ಪೆಟ್ರೋಲ್ ಬಂಕಿಗೆ ಸೆನೆಗಲ್‌ನವರು ಹೇಳೋ 'ಎಸಾನ್ಸರಿ' ನನಗೆ ಬಹಳ ಇಷ್ಟ, ಪ್ಯಾರಿಸ್‌ನವರು ಅದಕ್ಕೆ ಎರಡು ಪದ ಜೋಡಿಸಿ ಹೇಳ್ತಾರೆ. ಕಿನ್ಶಾಸಾದಿಂದ ಬಂದಿದ್ದ ನನ್ನ ಸಹೋದ್ಯೋಗಿ ತೊಂಬತ್ತಕ್ಕೆ 'ನೊನಾಂತ್' ಅಂತಿದ್ದ, ಕಾಂಗೋವನ್ನ ಆಳಿದ್ದು ಬೆಲ್ಜಿಯಂ ಆದ್ರಿಂದ ಬೆಲ್ಜಿಯಂ ಎಣಿಕೆ. ಫ್ರಾನ್ಸಲ್ಲಿ ತೊಂಬತ್ತೇಳು ಅನ್ನೋಕೆ ನಾಲ್ಕು ಇಪ್ಪತ್ತು ಹತ್ತು ಏಳು ಅನ್ನಬೇಕು, ಪಿಯುಸೀಲಿ ನಾನು ಅದನ್ನ ಉರು ಹೊಡೆದಿದ್ದೆ. ಅವನ 'ನೊನಾಂತ್-ಸೆತ್' ಎಷ್ಟು ನೇರ! ಅವನೇ ಹೇಳಿದ್ದು, ಕಿನ್ಶಾಸಾದಲ್ಲಿ ಹಾಡು ಲಿಂಗಾಲಾದಲ್ಲಿ, ಜಗಳ ಲಿಂಗಾಲಾದಲ್ಲಿ, ಅರ್ಜಿ ಮಾತ್ರ ಫ್ರೆಂಚ್‌ನಲ್ಲಿ ಅಂತ. ಅಂದ್ರೆ ಅತಿ ದೊಡ್ಡ ಫ್ರೆಂಚ್ ಊರಾದ ಕಿನ್ಶಾಸಾನೇ ಆಬಿಜಾನ್ ಥರ ಆಗುತ್ತೋ ಡಕಾರ್ ಥರ ಆಗುತ್ತೋ ಇನ್ನೂ ತೀರ್ಮಾನ ಆಗಿಲ್ಲ.

ಕೆನಡಾದ ಕತೆ ಬೇರೇನೇ. ಚಿಕ್ಕಪ್ಪನ ಮಗ ಮಾಂಟ್ರಿಯಲ್‌ನಲ್ಲಿದ್ದಾನೆ. ಕ್ವೆಬೆಕ್ ಪ್ರಾಂತ್ಯದ 1977ರ ಕಾನೂನು, 101ನೇ ಮಸೂದೆ ಅಂತ ಹೆಸರುವಾಸಿ, ಹೊರಗಿಂದ ಬಂದವರ ಮಕ್ಕಳು ಫ್ರೆಂಚ್ ಸ್ಕೂಲಿಗೇ ಹೋಗ್ಬೇಕು ಅನ್ನುತ್ತೆ. ಅವನ ಮಗಳಿಗೆ ಏಳು ವರ್ಷ, ಮನೇಲಿ ಕನ್ನಡ, ಸ್ಕೂಲಲ್ಲಿ ಫ್ರೆಂಚ್, ಟೀವೀಲಿ ಇಂಗ್ಲಿಷ್, ವೀಡಿಯೋ ಕಾಲಲ್ಲಿ ನನ್ನ ಉಚ್ಚಾರಣೆ ತಿದ್ದುತ್ತಾಳೆ, ಅವಳದ್ದು ಕ್ವೆಬೆಕ್ ಧಾಟಿ, ನಂದು ಆಬಿಜಾನ್ ಧಾಟಿ. 2025ರ ಜೂನ್‌ನಿಂದ ಅಲ್ಲಿ ಅಂಗಡಿ ಬೋರ್ಡಲ್ಲಿ ಫ್ರೆಂಚಿಗೆ ಬೇರೆ ಭಾಷೆಯ ಎರಡರಷ್ಟು ಜಾಗ ಇರಬೇಕು ಅಂತ ರೂಲು ಬಂದಿದೆ, ನಮ್ಮಲ್ಲಿ ಬೋರ್ಡಿನ 60 ಪರ್ಸೆಂಟ್ ಕನ್ನಡ ಇರಬೇಕು ಅಂತ 2024ರಲ್ಲಿ ಬಂದಹಾಗೆ. ಸುತ್ತ ಇಂಗ್ಲಿಷಿನ ಸಮುದ್ರ, ಮಧ್ಯೆ ಒಂದು ನಡುಗಡ್ಡೆ, ಅವರ ಆತಂಕ ನನಗೆ ಚೆನ್ನಾಗೇ ಅರ್ಥ ಆಗುತ್ತೆ. ಬೆಂಗಳೂರಲ್ಲಿ ಈಗ ಸಾಫ್ಟ್‌ವೇರ್‌ನವರು ಶನಿವಾರ ಭಾನುವಾರ ಫ್ರೆಂಚ್ ಕ್ಲಾಸಿಗೆ ಓಡ್ತಿರೋದೂ ಕೆನಡಾಕ್ಕೋಸ್ಕರವೇ, 2023ರಿಂದ ಫ್ರೆಂಚ್ ಬರೋರಿಗೆ ಪಿಆರ್, ಅಂದ್ರೆ ಅಲ್ಲೇ ಕಾಯಂ ನೆಲೆಸೋ ಅನುಮತಿಯ, ಆಯ್ಕೆ ಬೇರೆಯಾಗಿ ಮಾಡ್ತಾರೆ, ಬೇಕಾಗೋ ಅಂಕವೂ ಕಡಿಮೆ. ಅವರಲ್ಲಿ ಯಾರಾದ್ರೂ ಇದನ್ನ ಓದ್ತಿದ್ರೆ ಒಂದು ಮಾತು, ಪರೀಕ್ಷೆಗೆ ಓದಿ, ಜೊತೆಗೆ ಆಬಿಜಾನ್ ಹುಡುಗರ ಕಾಮಿಡಿ ವೀಡಿಯೋಗಳನ್ನೂ ನೋಡಿ, ಮಾತು ಬೇಗ ಬಾಯಿಗೆ ಹತ್ತುತ್ತೆ.

ಆಬಿಜಾನ್ ಬಿಡೋ ದಿನದ್ದು ಒಂದು ಹೇಳದೆ ಇರೋಕಾಗಲ್ಲ. ನಮ್ಮ ಗೇಟಿನ ಎದುರಿಗೆ ಒಬ್ಬರು 'ಆಚೆಕೆ' ಅನ್ನೋ ತಿಂಡಿ ಮಾರೋರು, ಗೆಣಸಿನ ಥರದ ಕಸಾವವನ್ನ ತುರಿದು ಹುಳಿಬರಿಸಿ ಹಬೇಲಿ ಬೇಯಿಸೋದು, ನೋಡೋಕೆ ನಮ್ಮ ಅಕ್ಕಿತರಿ ಉಪ್ಪಿಟ್ಟಿನ ಹಾಗೆ. ಅಲ್ಲಿ ವಯಸ್ಸಾದ ಹೆಂಗಸರನ್ನ 'ತಾಂತಿ' ಅಂತ ಕರೀತಾರೆ, ನಾವು ಆಂಟಿ ಅಂದಹಾಗೆ. ಅಲ್ಲಿ ಯಾರ ಮನೆಯಿಂದಾದ್ರೂ ಹೊರಡೋವಾಗ ಸುಮ್ಮನೆ ಎದ್ದು ಹೋಗಂಗಿಲ್ಲ, ದಾರಿ ಕೇಳ್ಬೇಕು, 'ಜ ದಮಾಂದ್ ಲ ರೂತ್' ಅಂತ. ದೊಡ್ಡವರು ದಾರಿ ಕೊಡ್ತಾರೆ, ಆದ್ರೆ ಪೂರ್ತಿ ಕೊಡಲ್ಲ, ಅರ್ಧ ದಾರಿ ಮಾತ್ರ, ಇನ್ನರ್ಧ ತಮ್ಮ ಹತ್ರ ಇಟ್ಕೋತಾರೆ, ನೀನು ವಾಪಸ್ ಬರಲಿ ಅಂತ. ಈ ವಾಕ್ಯದಲ್ಲಿರೋ ಪದಗಳೆಲ್ಲ ಪಿಯುಸಿ ಪುಸ್ತಕದಲ್ಲಿದ್ವು, ಈ ಅರ್ಥ ಮಾತ್ರ ಇರಲಿಲ್ಲ.

ಟ್ಯಾಕ್ಸಿ ಬಂದು ನಿಂತಿತ್ತು. ತಾಂತಿ ಹತ್ರ ಹೋಗಿ ದಾರಿ ಕೇಳಿದೆ. ಕೈ ಒರೆಸಿಕೊಂಡು ಅರ್ಧ ದಾರಿ ಕೊಟ್ಟೆ ಹೋಗು ಅಂದ್ರು. ನಮ್ಮಲ್ಲೂ ಹೊರಡೋವಾಗ ಹೋಗ್ತೀನಿ ಅನ್ನಂಗಿಲ್ಲ ತಾಂತಿ, ಅಜ್ಜಿ ಬೈತಿದ್ರು, ಹೋಗಿ ಬರ್ತೀನಿ ಅನ್ನಬೇಕು ಅಂತ ವಿವರಿಸಿದೆ. ಹೇಗನ್ನಬೇಕು ಇನ್ನೊಂದ್ಸಲ ಹೇಳು ಅಂದ್ರು. ಹೇಳಿದೆ. ಅವರ ಫ್ರೆಂಚ್ ನಾಲಿಗೆಗೆ ಹಕಾರ ಇಲ್ಲ, ಎರಡು ಸಲ ಪ್ರಯತ್ನಪಟ್ಟು 'ಓಗಿ ಬರ್ತೀನಿ' ಅಂದ್ರು, ಥೇಟ್ ನಮ್ಮ ಮಂಡ್ಯ ಕಡೆಯವರ ಥರ. ಬಾಳೆ ಎಲೇಲಿ ಸುತ್ತಿದ ಬಿಸಿ ಆಚೆಕೆ ಪೊಟ್ಟಣ ಕೈಗಿಟ್ಟರು, ಟ್ಯಾಕ್ಸಿ ಹೊರಟ್ಮೇಲೂ ರೋಡಿನ ಆ ಬದಿಯಿಂದ ಕೂಗ್ತಾನೇ ಇದ್ರು, ಓಗಿ ಬರ್ತೀನಿ, ಓಗಿ ಬರ್ತೀನಿ ಅಂತ.